ಉಸಿರೆಳೆದಾಗ ನಿಲ್ಲುವ ಬಟ್ಟಿ

ನಮ್ಮ ಆಸ್ಪತ್ರೆಯ ಅಲ್ಟ್ರಾಸೌಂಡ್ ಯಂತ್ರಕ್ಕೆ ಒಂದು ಹಟವಿತ್ತು. ಚಾಲೂ ಮಾಡಿದ ಕೂಡಲೇ ರೋಗಿಯ ಕೊನೆಯ ಮುಟ್ಟಿನ ದಿನಾಂಕ ಕೇಳುತ್ತಿತ್ತು. ಮುಂದೆ ಮಲಗಿದವರು ಬೀಡಿ ಸೇದಿ ಎದೆ ಹಾಳುಮಾಡಿಕೊಂಡ ಎಂಬತ್ತರ ಮುದುಕರಾದರೂ ಅದರ ಪ್ರಶ್ನೆ ಬದಲಾಗುತ್ತಿರಲಿಲ್ಲ. ಬಸುರಿಯರಿಗೆಂದು ಹೊಂದಿಸಿ ಕಳಿಸಿದ ಯಂತ್ರ ಅದು. ಅದರ ಗಮನವನ್ನು ಗರ್ಭದಿಂದ ಹೃದಯದ ಕಡೆ ತಿರುಗಿಸಲು ಮೂರು ಗುಂಡಿ ಒತ್ತಬೇಕಿತ್ತು. ಯಾವ ಮೂರು ಎಂಬುದನ್ನು ನಮ್ಮ ಅರಿವಳಿಕೆಯ ಡಾಕ್ಟರಮ್ಮ ಒಂದು ಚೀಟಿಯಲ್ಲಿ ಬರೆದು ಯಂತ್ರದ ಬೆನ್ನಿಗೆ ಅಂಟಿಸಿದ್ದರು. ಆ ಚೀಟಿ ಯಾರಿಗಾಗಿ ಎಂದು ಅವರು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಮರೆಯುತ್ತಿದ್ದವನು ನಾನೊಬ್ಬನೇ.

ಆಗ ನಾನು ಯಲಬುರ್ಗಾದ ಒಂದು ಸಣ್ಣ ಆಸ್ಪತ್ರೆಯಲ್ಲಿ ಫಿಜಿಶಿಯನ್. ಮೂರು ಮಂಚಗಳ ಒಂದು ಕೋಣೆಗೆ ‘ತೀವ್ರ ನಿಗಾ ಘಟಕ’ ಎಂಬ ಫಲಕ ಹಾಕಿ, ಆ ಫಲಕದ ಮರ್ಯಾದೆ ಕಾಯಲು ನಾವೆಲ್ಲ ಹೆಣಗುತ್ತಿದ್ದೆವು. ಸ್ಟೆತಸ್ಕೋಪಿಗೆ ಮೂವತ್ತು ವರ್ಷ ನಿಷ್ಠನಾಗಿದ್ದವನು ನಾನು. ಕಿವಿಯಿಂದ ತಿಳಿಯದ್ದನ್ನು ಕಣ್ಣಿಂದ ನೋಡುವುದು ಪರೀಕ್ಷೆಯಲ್ಲಿ ನಕಲು ಹೊಡೆದಂತೆ ಎಂದು ಗಂಭೀರವಾಗಿ ನಂಬಿದ್ದೆ. ಡಾಕ್ಟರಮ್ಮ ಮಂಗಳವಾರ, ಶುಕ್ರವಾರ ಗಂಗಾವತಿಯಿಂದ ಬರುತ್ತಿದ್ದರು. ವಯಸ್ಸಿನಲ್ಲಿ ನನ್ನ ಅರ್ಧ. ಮಂಚದ ಪಕ್ಕದಲ್ಲೇ ಯಂತ್ರ ಇಟ್ಟುಕೊಂಡು ಎದೆ, ಹೊಟ್ಟೆ, ಕತ್ತು ನೋಡಿ, ಎಲ್ಲಿ ನೀರಿದೆ, ಹೃದಯ ಎಷ್ಟು ಹಿಂಡುತ್ತಿದೆ ಎಂದು ನಾಲ್ಕು ನಿಮಿಷದಲ್ಲಿ ಹೇಳುತ್ತಿದ್ದರು. ನನಗೂ ಒಂದು ವರ್ಷ ಕಲಿಸಿದರು. ಕಪ್ಪು ಕಂಡರೆ ನೀರು, ಬೂದು ಕಂಡರೆ ಮಾಂಸ, ಬೆಳ್ಳಗೆ ಹೊಳೆದರೆ ಎಲುಬೋ ಗಾಳಿಯೋ. ಇಷ್ಟು ತಿಳಿದರೆ ಅರ್ಧ ವಿದ್ಯೆ ಬಂದಂತೆ ಎಂದರು. ಉಳಿದರ್ಧವನ್ನು ನಿವೃತ್ತಿಯಾದ ಮೇಲೆ ಕಲಿಯುತ್ತೇನೆಂದು ನಾನು ಅವರಿಗೆ ಆಶ್ವಾಸನೆ ಕೊಟ್ಟಿದ್ದೆ.

ಆ ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಟಂಟಂ ಆಟೋದಲ್ಲಿ ಒಬ್ಬ ಹೆಣ್ಣುಮಗಳನ್ನು ಕರೆತಂದರು. ಮೂವತ್ತೆರಡು ವರ್ಷ. ನಮ್ಮ ಸೀಮೆಯ ಮಂಗಳೂರಿನವಳು. ಅಲ್ಲಿ ಸಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೆಲಸ. ಗಂಡ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ, ಅವನಿಗೆ ಫೋನು ಹೋಗಿತ್ತು. ಜೊತೆಗೆ ಬಂದವಳು ಅತ್ತೆ ಒಬ್ಬಳೇ. ಗಟ್ಟಿ ಮುದುಕಿ, ಮಾತು ಕಡಿಮೆ. ಏನಾಗಿದೆ ಎಂದು ಕೇಳಿದ್ದಕ್ಕೆ ಒಂದೇ ಮಾತಿನಲ್ಲಿ ರೋಗವನ್ನು ಹೇಳಿ ಮುಗಿಸಿದಳು.

“ಬಟ್ಟಿ ಜಾರೈತ್ರಿ.”

ನಮ್ಮ ಕಡೆ ಬಟ್ಟಿ ಜಾರದ ಹೊಟ್ಟೆಯಿಲ್ಲ. ಭಾರ ಎತ್ತಿದರೆ, ಎಡವಿದರೆ, ಹೊಕ್ಕುಳ ತನ್ನ ಜಾಗ ಬಿಟ್ಟು ಸರಿಯುತ್ತದೆ ಎಂದು ನಂಬಿಕೆ. ಆಮೇಲೆ ಉಂಡದ್ದು ಹತ್ತುವುದಿಲ್ಲ, ಹೊಟ್ಟೆ ಉಬ್ಬುತ್ತದೆ, ವಾಂತಿ ಬರುತ್ತದೆ. ಬಟ್ಟಿ ತಿಕ್ಕುವವರು ರೋಗಿಯ ಹೊಕ್ಕುಳಿನ ಮೇಲೆ ಹೆಬ್ಬೆರಳಿಟ್ಟು ಒಳಗೆ ಬಡಿಯುವ ನಾಡಿಯನ್ನು ಹುಡುಕುತ್ತಾರೆ. ನಾಡಿ ನಟ್ಟನಡುವೆ ಸಿಗದಿದ್ದರೆ ಎಣ್ಣೆ ಹಚ್ಚಿ ತಿಕ್ಕಿ ಅದನ್ನು ನಡುವಿಗೆ ತರುತ್ತಾರೆ. ಈ ಅತ್ತೆ ಸ್ವತಃ ಊರಿನ ಬಟ್ಟಿ ತಿಕ್ಕುವಾಕೆ. ವಾಂತಿ ಮಾಡುತ್ತಿದ್ದ ಸೊಸೆಗೆ ಮೂರು ದಿನ ತಿಕ್ಕಿದ್ದಾಳೆ. ಅದು ಫಲಿಸದೆ ಊರಿನ ಡಾಕ್ಟರು ಎರಡು ಬಾಟಲಿ ಸಲೈನ್ ಹಚ್ಚಿದ್ದಾರೆ. ಅದೂ ಫಲಿಸದೆ ನಾನು.

ಬಟ್ಟಿಯ ಬಗ್ಗೆ ನನಗೆ ಖಚಿತ ಅಭಿಪ್ರಾಯವಿತ್ತು, ಅದನ್ನು ಮುಖದಲ್ಲಿ ತೋರಿಸುವ ಕಲೆಯೂ ಇತ್ತು. ಅತ್ತೆ, ನಮ್ಮೆಲ್ಲರ ಬಾಯಲ್ಲಿ ಆಗಲೇ ಅವ್ವ ಆಗಿದ್ದವಳು, ಮುಂದೆ ಹೇಳಬೇಕೆಂದಿದ್ದನ್ನು ನುಂಗಿಕೊಂಡಳು. ಆ ಕಲೆಗೆ ನಾನು ಅಂದು ತೆರಬೇಕಾಗಿ ಬಂದ ದಂಡ ಸುಮಾರು ಐವತ್ತು ನಿಮಿಷ.

ರೋಗಿ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಮುಂದಕ್ಕೆ ಬಾಗಿ ಕೂತು, ಮಂಚದ ಕಂಬಿ ಹಿಡಿದು, ಚಿಕ್ಕ ಚಿಕ್ಕ ಉಸಿರು ತೆಗೆಯುತ್ತಿದ್ದಳು. ಕೈಕಾಲು ತಣ್ಣಗೆ. ನಾಡಿ ನೂರ ಮೂವತ್ತಾರು. ರಕ್ತದೊತ್ತಡ ಎಂಬತ್ತೆರಡು. ಜ್ವರ ಅಲ್ಪ. ಪುಪ್ಪುಸ ಕೇಳಿದೆ, ಎಡಗಡೆ ಬುಡದಲ್ಲಿ ಸ್ವಲ್ಪ ಮಂದ, ಉಳಿದೆಡೆ ಸ್ವಚ್ಛ. ಹೃದಯ ಕೇಳಿದೆ, ಶಬ್ದ ಪಕ್ಕದ ಮನೆಯಿಂದ ಬಂದಂತೆ ಕ್ಷೀಣವಾಗಿತ್ತು. ಹೊರಗೆ ಜನರೇಟರು ಓಡುತ್ತಿತ್ತು. ದೋಷವನ್ನು ಅದರ ಮೇಲೆ ಹೊರಿಸಿದೆ. ವಾಂತಿಯಿಂದ ಮೈಯಲ್ಲಿ ನೀರು ಕಡಿಮೆಯಾಗಿದೆ, ಜೊತೆಗೆ ಸೋಂಕು ಇರಬಹುದು ಎಂದು ತೀರ್ಮಾನಿಸಿ ಮೂರನೆಯ ಬಾಟಲಿ ಹಚ್ಚಿಸಿದೆ.

ನಮ್ಮ ಸ್ಟಾಫ್ ನರ್ಸ್ ಅಳವಂಡಿ ಊರಿನವರು. ನನಗಿಂತ ಹೆಚ್ಚು ಸಾವು ನೋಡಿದವರು, ನನಗಿಂತ ಕಡಿಮೆ ಮಾತಾಡುವವರು. ಬಾಟಲಿ ಅರ್ಧ ಇಳಿದ ಮೇಲೆ ಅವರು ರೋಗಿಯ ಕತ್ತು ನೋಡಿ, “ನೀರು ಕಡಿಮಿ ಆದವ್ರ ಕತ್ತಿನ ನರ ಹಿಂಗ ಉಬ್ಬತಾವೇನ್ರಿ ಸರ್?” ಎಂದರು. ಪ್ರಶ್ನೆಯ ಧಾಟಿಯಲ್ಲಿತ್ತು, ಪ್ರಶ್ನೆಯಾಗಿರಲಿಲ್ಲ. ನೋಡಿದೆ. ಕೂತ ಭಂಗಿಯಲ್ಲೂ ಕತ್ತಿನ ರಕ್ತನಾಳ ಕಿವಿಯ ಬುಡದವರೆಗೆ ತುಂಬಿ ನಿಂತಿತ್ತು. ನೀರು ಕಡಿಮೆಯಾದವರಲ್ಲಿ ಅದು ಬತ್ತಿರಬೇಕು. ಬಾಟಲಿಯ ವೇಗ ಇಳಿಸಿದೆ. ಒತ್ತಡ ಎಪ್ಪತ್ತಾರಕ್ಕೆ ಬಂತು. ನನ್ನ ಅಂಗೈ ಬೆವರಿದ್ದು ಆಗ.

ಭಯ ಎಂಬುದು ನನ್ನ ಅನುಭವದಲ್ಲಿ ಬಹಳ ಶಿಸ್ತಿನ ಪ್ರಾಣಿ. ಮೊದಲು ಅಂಗೈಗೆ ಬರುತ್ತದೆ, ಆಮೇಲೆ ಬಾಯಿ ಒಣಗಿಸುತ್ತದೆ, ಕೊನೆಗೆ ಲೆಕ್ಕ ತಪ್ಪಿಸುತ್ತದೆ. ಮೂರನೆಯದು ಬರುವ ಮೊದಲು ಯಂತ್ರ ತರಿಸಿದೆ.

ಯಂತ್ರ ಕಂಡು ಅವ್ವ ಎದ್ದು ನಿಂತಳು. ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಅಪರಾಧವೆಂಬ ಫಲಕ, ಮಂಚದ ಪಕ್ಕ ಆ ಯಂತ್ರ. ಅವಳ ತರ್ಕದಲ್ಲಿ ದೋಷವಿರಲಿಲ್ಲ. “ಆಕಿ ಬಸುರಿಲ್ರಿ ಸಾಹೇಬ್ರ, ಆಪರೇಶನ್ ಆಗಿ ನಾಕ್ ವರ್ಷಾತು,” ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಇದರಿಂದ ಎದೆಯನ್ನೂ ನೋಡಬಹುದು ಎಂದೆ. ಅವಳು ನಂಬಲಿಲ್ಲ. ಅಷ್ಟರಲ್ಲಿ ಯಂತ್ರವೇ ಮುಟ್ಟಿನ ದಿನಾಂಕ ಕೇಳಿ ಅವಳ ಪಕ್ಷ ವಹಿಸಿತು.

ಚೀಟಿ ನೋಡಿ ಮೂರು ಗುಂಡಿ ಒತ್ತಿ, ಜೆಲ್ ಹಚ್ಚಿ, ಎಡ ಎದೆಯ ಮೇಲೆ ಪ್ರೋಬ್ ಇಟ್ಟೆ. ಪರದೆಯಲ್ಲಿ ಎಲುಬಿನ ನೆರಳು, ಪುಪ್ಪುಸದ ಬಿಳಿ ಮಂಜು, ಅದರ ಹಿಂದೆ ಏನೋ ಹೊಯ್ದಾಡುತ್ತಿತ್ತು. ಚಿತ್ರ ಹಿಡಿಯಲಾಗಲಿಲ್ಲ. ಪ್ರೋಬನ್ನು ಪಕ್ಕೆಯ ಕಡೆ ಸರಿಸಿದೆ. ಅಲ್ಲಿ ಕಪ್ಪು ಕಂಡಿತು, ಕಪ್ಪು ಎಂದರೆ ನೀರು. ಎಡ ಪುಪ್ಪುಸದ ಸುತ್ತ ನೀರು; ಕಿವಿಗೆ ಕೇಳಿದ ಮಂದ ಶಬ್ದಕ್ಕೂ ತಾಳೆಯಾಯಿತು. ಉತ್ತರ ಸಿಕ್ಕಿತೆಂದು ನನಗೆ ಎಷ್ಟು ನೆಮ್ಮದಿಯಾಯಿತೆಂದರೆ ಮುಂದೆ ಹುಡುಕುವುದನ್ನು ನಿಲ್ಲಿಸಿಬಿಟ್ಟೆ. ಬೆನ್ನಿನಿಂದ ಸೂಜಿ ಹಾಕಿ ಆ ನೀರು ತೆಗೆಯುವುದು ನಾನು ನೂರಾರು ಸಲ ಮಾಡಿದ ಕೆಲಸ. ಟ್ರೇ ಸಿದ್ಧಮಾಡಲು ಸಿಸ್ಟರಿಗೆ ಹೇಳಿದೆ. ಅಷ್ಟು ಸ್ವಲ್ಪ ನೀರು ಒಬ್ಬಳ ಒತ್ತಡವನ್ನು ಎಪ್ಪತ್ತಾರಕ್ಕೆ ಇಳಿಸಲಾರದು ಎಂಬುದು ವಿದ್ಯಾರ್ಥಿಗೂ ಹೊಳೆಯುತ್ತಿತ್ತು. ನಾನು ವಿದ್ಯಾರ್ಥಿಯಾಗಿರಲಿಲ್ಲ.

ಬೆನ್ನಿಗೆ ಔಷಧಿ ಒರೆಸುವ ಹೊತ್ತಿಗೆ ಅವ್ವ ಮತ್ತೆ ಬಾಯಿಬಿಟ್ಟಳು. ನನಗಲ್ಲ, ಸಿಸ್ಟರಿಗೆ.

“ಇಷ್ಟ್ ವರ್ಷ ಬಟ್ಟಿ ನೋಡೀನಿ ಸಿಸ್ಟರ್. ಜಾರಿದ ಬಟ್ಟಿ ಎಡಕೋ ಬಲಕೋ ಸಿಕ್ಕ ಸಿಗತೈತಿ. ಈಕಿದು ನಡುವ ಐತಿ. ಆದ್ರ ಉಸರು ಒಳಗ ಎಳದ್ಲಂದ್ರ ಬಡಿಯೋದ ನಿಲ್ಲತೈತಿ. ಉಸರು ಬಿಟ್ಲಂದ್ರ ಮತ್ತ ಬರತೈತಿ. ಅಂಥದ್ದ ನಾ ಕಂಡಿಲ್ಲ.”

ಒರೆಸುತ್ತಿದ್ದ ಕೈ ನಿಂತಿತು.

ಉಸಿರೆಳೆದಾಗ ಕುಗ್ಗಿ ಮಾಯವಾಗುವ ನಾಡಿ. ಹೃದಯವನ್ನು ಹೊರಗಿನಿಂದ ಏನೋ ಅದುಮುತ್ತಿದೆ ಎಂಬುದರ ಗುರುತು. ನಾನು ಕಲಿತದ್ದು, ಮೌಖಿಕ ಪರೀಕ್ಷೆಯಲ್ಲಿ ಎಷ್ಟೋ ಮಕ್ಕಳನ್ನು ಅದೇ ಪ್ರಶ್ನೆಯಿಂದ ಬೆವರಿಸಿದ್ದು. ಬಟ್ಟಿ ತಿಕ್ಕುವವರ ಹೆಬ್ಬೆರಳ ಕೆಳಗೆ ಬಡಿಯುವುದು ಹೊಟ್ಟೆಯ ಮಹಾಧಮನಿ. ಮೈಯ ಅತಿ ದೊಡ್ಡ ನಾಡಿ. ಮೂರು ದಿನ ಅದರ ಮೇಲೆ ಬೆರಳಿಟ್ಟವಳು ಅವಳು. ನಾನು ಮಣಿಕಟ್ಟಿನ ಮೇಲೆ ಹದಿನೈದು ಸೆಕೆಂಡು ಇಟ್ಟು, ನಾಲ್ಕರಿಂದ ಗುಣಿಸಿ, ಬರೆದುಕೊಂಡವನು.

ಮತ್ತೆ ಮಣಿಕಟ್ಟು ಹಿಡಿದೆ. ಅವಳು ಉಸಿರೆಳೆದಳು, ನಾಡಿ ಹೋಯಿತು. ಬಿಟ್ಟಳು, ಬಂತು. ಮತ್ತೆ ಹೋಯಿತು. ನನ್ನ ಬಾಯಿ ಒಣಗಿತು.

ಬೆನ್ನಿನ ಟ್ರೇ ಸರಿಸಿ, ರೋಗಿಯನ್ನು ದಿಂಬುಗಳಿಗೆ ಒರಗಿಸಿ, ಎದೆಯ ನಡು ಎಲುಬು ಮುಗಿಯುವಲ್ಲಿ, ಹೊಟ್ಟೆಯ ಗುಳಿಯಲ್ಲಿ ಪ್ರೋಬ್ ಒತ್ತಿ ಮೇಲ್ಮುಖವಾಗಿ ತಿರುಗಿಸಿದೆ. ಅಲ್ಲಿಂದ ನೋಡಿ ಎಂದು ಡಾಕ್ಟರಮ್ಮ ಪ್ರತಿ ಮಂಗಳವಾರ ಹೇಳುತ್ತಿದ್ದರು. ಪರದೆಯ ತುಂಬ ಕಪ್ಪು. ಆ ಕಪ್ಪಿನ ನಡುವೆ ಹೃದಯ, ತುಂಬಿದ ಕೊಡದಲ್ಲಿ ಬಿದ್ದ ನಿಂಬೆಹಣ್ಣಿನ ಹಾಗೆ ಅತ್ತಿಂದಿತ್ತ ಹೊಯ್ದಾಡುತ್ತಿತ್ತು. ಹೃದಯದ ಸುತ್ತಲಿನ ಚೀಲದಲ್ಲಿ ನೀರು ತುಂಬಿತ್ತು. ಒತ್ತಡಕ್ಕೆ ಬಲಗಡೆಯ ಗೋಡೆ ಪ್ರತಿ ಬಡಿತಕ್ಕೂ ಒಳಕ್ಕೆ ಕುಸಿಯುತ್ತಿತ್ತು. ಹೃದಯ ಅರಳಲು ಜಾಗವಿಲ್ಲದೆ ಸೋಲುತ್ತಿತ್ತು. ಪುಪ್ಪುಸದ ಸುತ್ತ ನೀರಿದ್ದದ್ದು ನಿಜ, ಆದರೆ ಕೊಲ್ಲುತ್ತಿದ್ದುದು ಅದಲ್ಲ.

ಕಾಣುವುದು ಕಾಣಿಸಿದ ಮೇಲೆ ಭಯ ಕಡಿಮೆಯಾಗುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ನನ್ನದು ಹೆಚ್ಚಾಯಿತು. ಏಕೆಂದರೆ ಇದಕ್ಕೆ ಔಷಧಿಯಿಲ್ಲ. ಸೂಜಿ ಹಾಕಿ ಆ ನೀರು ತೆಗೆಯಬೇಕು.

ತಕ್ಷಣ ಫೋನುಗಳ ಆಶ್ರಯಕ್ಕೆ ಹೋದೆ. ಹುಬ್ಬಳ್ಳಿಯ ದೊಡ್ಡದೊಂದು ಆಸ್ಪತ್ರೆಯ ಹೃದಯ ವಿಭಾಗದಲ್ಲಿ ಫೋನು ಎತ್ತಿದ ಕಿರಿಯ ವೈದ್ಯರು ರೋಗಿ ಎಲ್ಲಿಯವರೆಂದು ಕೇಳಿದರು. ಮಂಗಳೂರು ಎಂದೆ. ಮಂಗಳೂರಿನ ರೋಗಿಯನ್ನು ಯಲಬುರ್ಗಾಕ್ಕೆ ಯಾಕೆ ತಂದರು, ಅಲ್ಲಿಯೇ ಮೆಡಿಕಲ್ ಕಾಲೇಜುಗಳು ಬೇಕಾದಷ್ಟಿವೆಯಲ್ಲ ಎಂದು ಅವರು ಬಹಳ ಸೌಜನ್ಯದಿಂದ ವಿಚಾರಿಸಿದರು. ನಮ್ಮ ಮಂಗಳೂರಿಗೆ ಸಮುದ್ರವಿಲ್ಲ ಎಂದು ಮನವರಿಕೆ ಮಾಡುವಷ್ಟರಲ್ಲಿ ಎರಡು ನಿಮಿಷ ಕಳೆಯಿತು. ಕಳಿಸಿಕೊಡಿ ಎಂದರು. ಎರಡು ತಾಸಿನ ಮೇಲಿನ ದಾರಿ. ಕೊಪ್ಪಳವಾದರೂ ಹತ್ತಿರ ಎಂದು ಆಂಬುಲೆನ್ಸಿಗೆ ಕರೆ ಮಾಡಿದರೆ, ಅದು ಹೆರಿಗೆಯೊಂದನ್ನು ಬಿಟ್ಟು ಕುಷ್ಟಗಿಯಿಂದ ವಾಪಸು ಬರಬೇಕು. ಬಂದ ಮೇಲೆ ಕುಕನೂರು ಹಾದು ಕೊಪ್ಪಳಕ್ಕೆ ಇನ್ನೊಂದು ತಾಸು.

ಗಂಗಾವತಿಗೆ ಮೊದಲ ಕರೆ ಹೋಗಲಿಲ್ಲ. ಡಾಕ್ಟರಮ್ಮ ಆಪರೇಶನ್ ಥಿಯೇಟರಿನಲ್ಲಿದ್ದರು. ಎರಡನೆಯದಕ್ಕೆ ಸಿಕ್ಕರು. ವಿಡಿಯೊ ಎರಡು ಕ್ಷಣ ಓಡಿ ಸ್ಥಗಿತವಾಯಿತು, ದನಿ ಮಾತ್ರ ಉಳಿಯಿತು. ಕಂಡದ್ದನ್ನು ಹೇಳಿದೆ. ಅವರು ಸಮಾಧಾನದ ಮಾತಾಡಲಿಲ್ಲ. ಒತ್ತಡ ಎಷ್ಟು ಎಂದು ಕೇಳಿದರು. ಎಪ್ಪತ್ತು. ಮಲಗಿಸಬೇಡಿ, ನಿದ್ದೆ ಬರಿಸಬೇಡಿ, ಏನೇ ಆದರೂ ವೆಂಟಿಲೇಟರಿಗೆ ಹಾಕಬೇಡಿ, ಹಾಕಿದರೆ ಆ ಕ್ಷಣವೇ ಹೃದಯ ನಿಲ್ಲುತ್ತದೆ ಎಂದರು. ಕೊಪ್ಪಳಕ್ಕೆ ಒಯ್ಯಲೇ ಎಂದು ಕೇಳಿದೆ. ನನ್ನ ದನಿಯಲ್ಲಿದ್ದ ಆಸೆ ಅವರಿಗೆ ಕೇಳಿಸಿರಬೇಕು.

“ಸರ್, ಕುಕನೂರ ದಾಟೂದಿಲ್ಲ ಆಕಿ. ನೀವ ತಗೀರಿ.”

ನಾನು ಈ ಕೆಲಸ ಎರಡು ಸಲ ಮಾಡಿದ್ದೆ, ಎರಡೂ ಓದುವ ಕಾಲದಲ್ಲಿ, ಎರಡೂ ಕುರುಡು ಸೂಜಿ. ಆಗ ಪರದೆ ಇರಲಿಲ್ಲ. ಎಡಭುಜದ ಕಡೆ ಗುರಿಯಿಟ್ಟು ತಳ್ಳುವುದು, ದೇವರು ನಡೆಸಿದಂತೆ. ಎರಡನೆಯ ಸಲ ಸೂಜಿ ಹೃದಯದೊಳಕ್ಕೇ ಹೋಯಿತು. ಆತ ಬಡಗಿ. ಹೆಂಡತಿ ಬಾಗಿಲ ಹೊರಗೆ ಊಟದ ಡಬ್ಬಿ ಹಿಡಿದು ನಿಂತಿದ್ದಳು. ಅದಾದ ಮೇಲೆ ಎದೆಯ ನಡುವಿಗೆ ಸೂಜಿ ಹಿಡಿದದ್ದಿಲ್ಲ. ಅಂಥ ರೋಗಿಗಳು ಬಂದರೆ ‘ಉನ್ನತ ಚಿಕಿತ್ಸೆಗಾಗಿ’ ಎಂದು ಬರೆದು ಮುಂದೆ ಕಳಿಸುತ್ತಿದ್ದೆ. ಆ ನುಡಿಗಟ್ಟಿನ ಹಿಂದೆ ಎಷ್ಟು ಹೇಡಿತನ ಅಡಗಿಕೊಳ್ಳಬಹುದು ಎಂಬುದಕ್ಕೆ ನಾನೇ ಅಳತೆಗೋಲು.

ಅವ್ವನನ್ನು ಪಕ್ಕಕ್ಕೆ ಕರೆದೆ. ಸಮ್ಮತಿಪತ್ರ ಓದಿ ಹೇಳುವ ಪದ್ಧತಿ ಇದೆ; ಓದಲಿಲ್ಲ.

“ಯವ್ವಾ, ಗುಂಡಿಗಿ ಸುತ್ತ ನೀರು ತುಂಬೇತಿ. ಗುಂಡಿಗಿಗೆ ಬಿಚ್ಚಾಕ ಜಾಗಾ ಇಲ್ಲ. ಸೂಜಿ ಹಾಕಿ ತಗೀಬೇಕು.”

“ಗುಂಡಿಗಿಗೆ ಸೂಜಿ ಹಾಕತೀರಿ?”

“ಗುಂಡಿಗಿಗೆ ಅಲ್ಲ. ಹತ್ತರ.”

“ಮೊದಲ ಮಾಡೀರೇನ್ರಿ?”

“ಎರಡ ಸಲ.”

“ಅವರು ಉಳದಾರೇನ್ರಿ?”

ಸುಳ್ಳು ಬಾಯಿಗೆ ಬಂದಿತ್ತು. “ಒಬ್ಬರು ಉಳದ್ರು,” ಎಂದೆ.

ಅವಳು ಸೊಸೆಯ ಕಡೆ ನೋಡಿದಳು. “ನಾ ತಿಕ್ಕಿದ್ದಕ್ಕ ಹಿಂಗಾತೇನ್ರಿ?”

“ಇಲ್ಲ. ನೀ ಹೇಳಿದ್ದಕ್ಕ ಗೊತ್ತಾತು.”

“ಹಂಗಾರ ಮಾಡ್ರಿ,” ಎಂದು ಹೆಬ್ಬೆಟ್ಟು ಒತ್ತಿದಳು.

ರೋಗಿಯನ್ನು ಅರ್ಧ ಕೂರಿಸಿದೆವು. ಫೋನನ್ನು ಮಾನಿಟರಿನ ಮೇಲೆ ಇಟ್ಟೆವು. ಎಲ್ಲಿ ಕಪ್ಪು ಅಗಲವಾಗಿದೆ, ಚರ್ಮಕ್ಕೆ ಹತ್ತಿರವಾಗಿದೆ, ನಡುವೆ ಯಕೃತ್ತು ಅಡ್ಡ ಬರುವುದಿಲ್ಲ, ಅಲ್ಲಿಂದ ದಾರಿ ಹುಡುಕಿ ಎಂದು ಡಾಕ್ಟರಮ್ಮ ಹೇಳುತ್ತಿದ್ದರು. ಪಕ್ಕೆಲುಬಿನ ಅಂಚಿನಲ್ಲಿ ಎಡಕ್ಕೆ ಒಂದು ಜಾಗ ಸಿಕ್ಕಿತು. ಅಳೆದೆ: ಚರ್ಮದಿಂದ ನೀರಿಗೆ ಮೂರೂವರೆ ಸೆಂಟಿಮೀಟರ್, ನೀರಿನಿಂದ ಹೃದಯಕ್ಕೆ ಎರಡು. ಆ ಎರಡು ಸೆಂಟಿಮೀಟರು ನನ್ನ ಆಸ್ತಿ. ಜಾಗ ಮರಗಟ್ಟಿಸಿ, ಎಡಗೈಯಲ್ಲಿ ಪ್ರೋಬ್, ಬಲಗೈಯಲ್ಲಿ ಸಿರಿಂಜು ಸಿಕ್ಕಿಸಿದ ಉದ್ದ ಸೂಜಿ ಹಿಡಿದೆ. ಸೂಜಿಯ ಮೊನೆ ಪರದೆಯಲ್ಲಿ ಸಣ್ಣ ಬಿಳಿ ಚುಕ್ಕೆ. ಅದು ಕಾಣುವಷ್ಟೇ ಮುಂದೆ, ಕಾಣದಿದ್ದರೆ ನಿಲ್ಲು ಎಂಬುದು ನಿಯಮ. ಮೂರು ಸಲ ಕಾಣದಾಯಿತು. ಮೂರು ಸಲ ನಿಂತೆ. ಮಾನಿಟರಿನಲ್ಲಿ ಒತ್ತಡ ಅರವತ್ತೆರಡು ಎಂದು ಸಿಸ್ಟರ್ ಓದಿದರು.

ಒಂದು ಸಣ್ಣ ತಡೆ ಸೂಜಿಗೆ ಸಿಕ್ಕಿ, ದಾಟಿತು. ಸಿರಿಂಜು ಎಳೆದೆ.

ಕೆಂಪು ಬಂತು. ಕಡು ಕೆಂಪು, ರಕ್ತವೇ.

ಬಡಗಿಯ ದಿನವೂ ಹೀಗೆಯೇ ಬಂದಿತ್ತು. ಭಯದ ಮೂರನೆಯ ಹಂತ ನನಗೆ ಆಗ ಬಂತು; ಮೂರೂವರೆಗೆ ಎರಡು ಕೂಡಿಸಿದರೆ ಎಷ್ಟು ಎಂಬುದು ಹೊಳೆಯಲಿಲ್ಲ. ಸೂಜಿ ಹಿಂದಕ್ಕೆ ಎಳೆದುಬಿಡಲು ಕೈ ಹೊರಟಿತ್ತು. ರಕ್ತ ಬಂತು ಎಂದು ನಾನು ಹೇಳಿದ್ದು ಫೋನಿಗೆ ಕೇಳಿಸಿತ್ತು.

“ಎಳೀಬ್ಯಾಡ್ರಿ ಸರ್. ಕೈ ಅಲ್ಲಾಡಸಬ್ಯಾಡ್ರಿ. ನೊರಿ ಹಾಕಿ ನೋಡ್ರಿ.”

ಹೃದಯದ ಸುತ್ತ ಹೀಗೆ ನೀರು ತುಂಬುವುದು ನಮ್ಮ ಕಡೆ ಹೆಚ್ಚಾಗಿ ಕ್ಷಯದಿಂದ, ಆ ನೀರು ರಕ್ತದ ಬಣ್ಣದಲ್ಲೇ ಇರಬಹುದು. ಮೊನೆ ಚೀಲದಲ್ಲಿದೆಯೋ ಹೃದಯದಲ್ಲಿದೆಯೋ ಬಣ್ಣದಿಂದ ತಿಳಿಯದು. ಸಿಸ್ಟರ್ ಎರಡು ಸಿರಿಂಜುಗಳ ನಡುವೆ ಸ್ವಲ್ಪ ಸಲೈನ್, ಎಳ್ಳಷ್ಟು ಗಾಳಿ ಹಾಕಿ, ಅತ್ತಿಂದಿತ್ತ ತಳ್ಳಿ ನೊರೆಯೆಬ್ಬಿಸಿದರು. ಗಾಳಿಯ ಗುಳ್ಳೆ ಪರದೆಯಲ್ಲಿ ಬೆಳ್ಳಗೆ ಹೊಳೆಯುತ್ತದೆ. ಹೃದಯದೊಳಗೆ ಹೊಳೆದರೆ ನಾನು ಹೃದಯದಲ್ಲಿದ್ದೇನೆ. ಸುತ್ತಲಿನ ಕಪ್ಪಿನಲ್ಲಿ ಹೊಳೆದರೆ ಚೀಲದಲ್ಲಿದ್ದೇನೆ. ನಾನು ಎರಡೂ ಕೈ ಕಟ್ಟಿಹಾಕಿದವನಂತೆ ನಿಂತೆ, ಸಿಸ್ಟರ್ ಸಿರಿಂಜು ಜೋಡಿಸಿ ತಳ್ಳಿದರು. ಒಂದು ಕ್ಷಣ ಪರದೆಯಲ್ಲಿ ಏನೂ ಇಲ್ಲ. ಆಮೇಲೆ ಕಪ್ಪಿನ ಒಂದು ಮೂಲೆಯಿಂದ ಬಿಳಿ ಚುಕ್ಕೆಗಳು ಎದ್ದು, ಹೃದಯದ ಸುತ್ತ ಹರಡಿದವು. ಹೃದಯದ ಒಳಗೆ ಒಂದೂ ಇರಲಿಲ್ಲ.

“ಹೊರಗದಾವ,” ಎಂದರು ಸಿಸ್ಟರ್. ಆಮೇಲೆ, “ಉಸರ ಬಿಡ್ರಿ ಸರ್. ನೀವು.”

ಬಿಟ್ಟೆ. ಸೂಜಿಯೊಳಗಿಂದ ತೆಳ್ಳನೆಯ ತಂತಿ ಕಳಿಸಿ, ಅದು ಕಪ್ಪಿನಲ್ಲೇ ಸುತ್ತಿಕೊಂಡದ್ದನ್ನು ಪರದೆಯಲ್ಲಿ ಎರಡು ಸಲ ನೋಡಿ, ಅದರ ಮೇಲೆ ಮೆತ್ತನೆಯ ನಳಿಕೆ ಜಾರಿಸಿದೆ. ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆಯದು, ಅಂದು ಬೇರೆ ಉದ್ಯೋಗಕ್ಕೆ ಹೋಯಿತು. ನಿಧಾನವಾಗಿ ಎಳೆದೆವು. ನಲವತ್ತು ಮಿಲಿ ಬರುವಷ್ಟರಲ್ಲಿ ಒತ್ತಡ ಎಂಬತ್ತು. ನೂರು ಮಿಲಿಗೆ ತೊಂಬತ್ತಾರು. ಆ ಬಡ ಹೃದಯ ಪರದೆಯ ಮೇಲೆ ಒಂದು ಬೆರಳಗಲ ಜಾಗ ಸಿಕ್ಕಿದ್ದಕ್ಕೇ ಹೇಗೆ ಅರಳಿಕೊಂಡಿತೆಂಬುದನ್ನು ನಾನು ಕಣ್ಣಿಂದ ನೋಡಿದೆ. ಕಿವಿಗೆ ಅದು ಎಂದೂ ಕೇಳಿಸಿರಲಾರದು. ಮುನ್ನೂರು ಮಿಲಿ ತೆಗೆದು ನಿಲ್ಲಿಸಿದೆವು. ನಳಿಕೆಯನ್ನು ಚರ್ಮಕ್ಕೆ ಹೊಲಿದು ಕಟ್ಟಿದೆ. ಫೋನಿನಲ್ಲಿ ಡಾಕ್ಟರಮ್ಮ ಅಷ್ಟೂ ಹೊತ್ತು ಥಿಯೇಟರಿನ ಬಾಗಿಲಲ್ಲಿ ನಿಂತಿದ್ದರೆಂದು ಆಮೇಲೆ ತಿಳಿಯಿತು. ಆಗ ಅವರು ಅಂದದ್ದು, ನಳಿಕೆ ಸರಿಯಾಗಿ ಹೊಲಿದಿರಾ ಎಂದಷ್ಟೇ.

ಆಂಬುಲೆನ್ಸು ಮಧ್ಯಾಹ್ನ ಬಂತು. ನಾನೂ ಹತ್ತಿದೆ. ನಳಿಕೆ ಜಾರಿದರೆ, ಮಡಚಿದರೆ, ನೀರು ಮತ್ತೆ ತುಂಬಿದರೆ ಎಂಬ ಮೂರು ಭಯಗಳು ನನ್ನ ಜೊತೆ ಹತ್ತಿದವು. ಎದುರಿಗೆ ಅವ್ವ. ರಸ್ತೆಯ ಪ್ರತಿ ಗುಂಡಿಗೂ ನಾನು ನಳಿಕೆಯನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದೆ.

ಕುಕನೂರು ದಾಟಿ ಸ್ವಲ್ಪ ದೂರ ಹೋಗಿರಬೇಕು. ರೋಗಿ ಮೆಲ್ಲಗೆ ಬೆನ್ನ ಹಿಂದಿನ ದಿಂಬು ತಳ್ಳಿ ಕೆಳಕ್ಕೆ ಜಾರಿ ಕಣ್ಣು ಮುಚ್ಚಿದಳು. ಅದೇ ಗಳಿಗೆಗೆ ಬೆರಳಿನ ಕ್ಲಿಪ್ಪು ಕಳಚಿ, ಮಾನಿಟರಿನ ಗೆರೆ ನೆಟ್ಟಗಾಗಿ, ಯಂತ್ರ ಕೂಗಿಕೊಂಡಿತು. ನಾನು ಅವಳ ಕತ್ತಿಗೆ ಕೈಹಾಕಿದೆ. ಕುಲುಕುವ ಗಾಡಿಯಲ್ಲಿ ಬೆರಳಿಗೆ ನಾಡಿ ಸಿಗಲಿಲ್ಲ. ಹೆಸರು ಹಿಡಿದು ಕೂಗಿದೆ. ಭುಜ ಅಲ್ಲಾಡಿಸಲು ಹೋದೆ.

ಅವ್ವ ನನ್ನ ಮುಂಗೈ ಹಿಡಿದಳು.

“ಎಬ್ಬಸಬ್ಯಾಡ್ರಿ ಸಾಹೇಬ್ರ. ಹನ್ನೆರಡ ದಿನ ಆತು ಆಕಿ ಅಡ್ಡಾಗಿ. ಗ್ವಾಡಿಗಿ ಕುಂತ ರಾತ್ರಿ ಕಳದಾಳ.”

ಆಗ ಕೇಳಿಸಿತು. ಇಂಜಿನ್ನಿನ ಸದ್ದಿನ ಕೆಳಗೆ, ಸಣ್ಣಗೆ, ಒಂದೇ ಲಯದಲ್ಲಿ, ಗೊರಕೆ.

ಮಲಗಲಾಗುತ್ತದೆಯೇ ಎಂಬುದು ಇಂಥ ರೋಗಿಗೆ ಮೊದಲು ಕೇಳಬೇಕಾದ ಪ್ರಶ್ನೆ. ನಾನು ಕೇಳಿರಲಿಲ್ಲ. ಕ್ಲಿಪ್ಪು ಮತ್ತೆ ಬೆರಳಿಗೆ ಹಾಕಿ, ಅಲಾರಂ ದನಿ ತಗ್ಗಿಸಿ, ಕೂತೆ.

ಕೊಪ್ಪಳದಲ್ಲಿ ಇಳಿಸುವಾಗಲೂ ಅವಳು ಏಳಲಿಲ್ಲ. ಸ್ಟ್ರೆಚರ್ ಬರಮಾಡಿಕೊಂಡ ಯುವ ವೈದ್ಯರು ಗಾಬರಿಯಿಂದ ನನ್ನ ಕಾಗದ ನೋಡಿ, ಪ್ರಜ್ಞೆಯ ಸ್ಥಿತಿ ಏನೆಂದು ಬರೆದಿಲ್ಲವಲ್ಲ ಸರ್ ಎಂದರು. ಆ ಕಾಗದದಲ್ಲಿ ಬರೆಯಬಹುದಾದ ಪದಗಳು ಗೊತ್ತುಪಡಿಸಿದಂತೆ ನಾಲ್ಕೈದು ಇವೆ. ಎಚ್ಚರ, ಮಂಕು, ಅರೆಪ್ರಜ್ಞೆ ಇತ್ಯಾದಿ. ಪೆನ್ನು ಇಸಿದುಕೊಂಡು, ಕಾಗದವನ್ನು ಗೋಡೆಗೆ ಒತ್ತಿ ಹಿಡಿದು, ಬರೆದೆ: ನಿದ್ದೆ ಮಾಡುತ್ತಿದ್ದಾರೆ.